ಕಳವು ಯಾರದು, ಆರೋಪ ಯಾರ ಮೇಲೆ?

(ಲಿಂಗಸುಗೂರಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 

ಮದೀನಾದಲ್ಲಿ ನಡೆದ ಒಂದು ಕಳವಿನಿಂದ ಮಾತು ಆರಂಭಿಸುತ್ತೇನೆ. ಮುಸ್ಲಿಮನೆಂದು ಹೇಳಿಕೊಳ್ಳುತ್ತಿದ್ದ ತುಅ್‌ಮಾ ಎಂಬವನು ನೆರೆಯವನ ಯುದ್ಧಕವಚ ಕದ್ದ. ಸಿಕ್ಕಿಬೀಳುವ ಭಯದಿಂದ ಅದನ್ನು ಒಬ್ಬ ಯಹೂದಿಯ ಬಳಿ ಇರಿಸಿ, ಕಳ್ಳ ಅವನೇ ಎಂದ. ಕುಲದವರೂ 'ಇವನು ನಮ್ಮವನು' ಎಂದು ತುಅ್‌ಮಾನ ಬೆನ್ನಿಗೆ ನಿಂತರು. ಒಂಟಿ ಯಹೂದಿಯ ಮಾತನ್ನು ಯಾರು ಕೇಳುತ್ತಾರೆ? ಅಲ್ಲಾಹನು ಕೇಳಿದನು. ಸೂರಃ ಅನ್ನಿಸಾದ 105ನೇ ವಚನದಿಂದ ಮುಂದಿನವು ಈ ಸಂದರ್ಭದಲ್ಲೇ ಅವತೀರ್ಣವಾದುವೆಂದು ತಫ್ಸೀರ್ ಗ್ರಂಥಗಳು ಹೇಳುತ್ತವೆ. ಒಬ್ಬ ಯಹೂದಿಯನ್ನು ಆರೋಪದಿಂದ ಬಿಡಿಸಿದ ಆ ವಚನಗಳನ್ನು ನಾವು ಇಂದಿಗೂ ನಮಾಝ್‌ನಲ್ಲಿ ಓದುತ್ತೇವೆ.

ಇದನ್ನು ಈಗೇಕೆ ಹೇಳಬೇಕಾಯಿತು? ನಮ್ಮ ಹುಡುಗರ ಮೊಬೈಲ್‌ಗಳಲ್ಲಿ ಒಂದು ವಿಡಿಯೋ ಸುತ್ತುತ್ತಿದೆ. ಅಮೆರಿಕದ ಟಿ.ವಿ., ಪತ್ರಿಕೆ, ಚುನಾವಣೆ ಎಲ್ಲವೂ ಯಹೂದಿಗಳ ಮುಷ್ಟಿಯಲ್ಲಿದೆಯಂತೆ. ಗಾಝಾದ ನೋವಿನಲ್ಲಿರುವ ನಮ್ಮವರು ಅದನ್ನು ನಂಬಿ ಮುಂದಕ್ಕೆ ಕಳುಹಿಸುತ್ತಿದ್ದಾರೆ.

ಈ ಮಾತು ಹಳೆಯದು. ಅಮೆರಿಕದ ಕಾರು ಉದ್ಯಮಿ ಹೆನ್ರಿ ಫೋರ್ಡ್ 1920ರಿಂದ ತನ್ನ 'ಡಿಯರ್‌ಬಾರ್ನ್ ಇಂಡಿಪೆಂಡೆಂಟ್' ಪತ್ರಿಕೆಯಲ್ಲಿ ವಾರವಾರವೂ ಇದನ್ನೇ ಬರೆಸಿದ, ತನ್ನ ಕಾರು ಮಾರುವವರ ಮೂಲಕ ಹಂಚಿಸಿದ. 1927ರಲ್ಲಿ ಕ್ಷಮೆಯನ್ನೇನೋ ಕೇಳಿದ. ಅಷ್ಟರಲ್ಲಿ ಆ ವಿಷ ಜರ್ಮನಿಗೂ ಮುಟ್ಟಿತ್ತು. ಮುಂದೆ 1932ರ ಮಾರ್ಚ್ 7ರಂದು ಅದೇ ಡಿಯರ್‌ಬಾರ್ನ್‌ನಲ್ಲಿ, ಕೆಲಸ ಕೇಳಿಕೊಂಡು ಫೋರ್ಡ್ ಕಾರ್ಖಾನೆಗೆ ಮೆರವಣಿಗೆ ಬಂದ ನಿರುದ್ಯೋಗಿಗಳ ಮೇಲೆ ಪೊಲೀಸರೂ ಕಂಪೆನಿಯ ಕಾವಲುಗಾರರೂ ಗುಂಡು ಹಾರಿಸಿದರು. ನಿಮ್ಮ ಶತ್ರು ಯಹೂದಿ ಎಂದು ಬಡವನಿಗೆ ಬೆರಳು ತೋರಿಸಿದವನ ಬಾಗಿಲಲ್ಲೇ ಬಡವರ ಹೆಣ ಬಿತ್ತು. (ಇಂದು ಅದೇ ಊರಿಗೆ ಅಬ್ದುಲ್ಲಾ ಹಮ್ಮೂದ್ ಎಂಬ ಮುಸ್ಲಿಮ್ ಯುವಕ ಮೇಯರ್. ಅಲ್ಲಾಹನ ಯೋಜನೆ ಯಾರಿಗೆ ಗೊತ್ತು!)

ಮಾಧ್ಯಮ ಸಿರಿವಂತರ ಕೈಯಲ್ಲಿದೆ ಎಂದರೆ ಸುಳ್ಳಲ್ಲ. ಫಾಕ್ಸ್ ನ್ಯೂಸ್ ಮರ್ಡೋಕ್ ಕುಟುಂಬದ್ದು, ವಾಷಿಂಗ್ಟನ್ ಪೋಸ್ಟ್ ಅನ್ನು 2013ರಲ್ಲಿ ಜೆಫ್ ಬೆಝೋಸ್ ಕೊಂಡರು, ಟ್ವಿಟರನ್ನು 2022ರಲ್ಲಿ ಇಲಾನ್ ಮಸ್ಕ್. ಮೂವರೂ ಯಹೂದಿಗಳಲ್ಲ. ಯಹೂದಿ ಮಾಲೀಕರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ, ಎಲ್ಲರೂ ಕೋಟ್ಯಧಿಪತಿಗಳು. ನಮ್ಮಲ್ಲೂ ಎನ್‌ಡಿಟಿವಿ ಅದಾನಿ ಪಾಲಾಗಿದೆ, ನೆಟ್‌ವರ್ಕ್18 ರಿಲಯನ್ಸ್‌ನದು. ಹಟ್ಟಿ ಗಣಿಯ ಗುತ್ತಿಗೆ ಕೂಲಿಯ ಅಥವಾ ಸಿಂಧನೂರಿನ ರೈಸ್ ಮಿಲ್ ಹಮಾಲಿಯ ಪಾಡು ಆ ಪರದೆಯ ಮೇಲೆ ಎಷ್ಟು ನಿಮಿಷ ಬರುತ್ತದೆ? ಈ ಪ್ರಶ್ನೆ ಕೇಳಿ. 'ಸಿರಿವಂತ' ಎನ್ನಬೇಕಾದಲ್ಲಿ 'ಯಹೂದಿ' ಎಂದಿರೋ, ಸಿರಿವಂತ ನಗುತ್ತಾ ಪಾರಾಗುತ್ತಾನೆ, ಯಾವುದೋ ಬೀದಿಯ ಬಡ ಯಹೂದಿ ಏಟು ತಿನ್ನುತ್ತಾನೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಯಹೂದಿ ಪ್ರಾರ್ಥನಾಲಯದಲ್ಲಿ 11 ಮಂದಿಯನ್ನು ಕೊಂದವನ ತಲೆಯಲ್ಲಿದ್ದುದೂ ಇಂಥದೇ ಕಟ್ಟುಕಥೆ. ಆಗ ಅಮೆರಿಕದ ಮುಸ್ಲಿಮರು ಆ ಕುಟುಂಬಗಳಿಗಾಗಿ 2 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿಸಿಕೊಟ್ಟರು.

ಹೀಗೆ ಏಟು ತಿನ್ನುವುದು ಹೇಗಿರುತ್ತದೆಂದು ನಮಗೆ ಯಾರೂ ಕಲಿಸಬೇಕಿಲ್ಲ. 2020ರ ಲಾಕ್‌ಡೌನ್‌ನಲ್ಲಿ ತಬ್ಲೀಗ್ ಹೆಸರೆತ್ತಿ ಟಿ.ವಿ.ಯವರು ಕೂಗಿದ್ದೇ ಕೂಗಿದ್ದು. ಎಷ್ಟೋ ಊರುಗಳಲ್ಲಿ ನಮ್ಮ ಹಣ್ಣು-ತರಕಾರಿ ಗಾಡಿಗಳಿಗೆ ಓಣಿಯ ದಾರಿ ಮುಚ್ಚಿತು. ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಜಮಾಅತ್‌ಗೆ ಬಂದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಿದಂತಿದೆ ಎಂದಿತು. ಬೆಂಗಳೂರಿನ ನಾಗರಿಕರ ಒಂದು ಗುಂಪು ಪಟ್ಟು ಬಿಡದೆ ದೂರು ನೀಡಿದ್ದರಿಂದ, 2021ರ ಜೂನ್‌ನಲ್ಲಿ ಸುದ್ದಿ ವಾಹಿನಿಗಳದೇ ನಿಯಂತ್ರಣ ಪ್ರಾಧಿಕಾರವು ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ನೋಡಿ, ದೂರು ಕೊಟ್ಟವರು ವಾಹಿನಿಯ ಹೆಸರು, ಕಾರ್ಯಕ್ರಮ, ದಿನಾಂಕ ಹಿಡಿದು ಕೊಟ್ಟರು. ಯಾವ ಧರ್ಮವನ್ನೂ ಬೈಯಲಿಲ್ಲ.

'ಹಾಗಾದರೆ ಗಾಝಾ ಬಗ್ಗೆ ಸುಮ್ಮನಿರಬೇಕೇ ಹಜ್ರತ್?' ಎಂದು ಕೆಲವರು ಕೇಳುತ್ತಾರೆ. ಖಂಡಿತ ಬೇಡ. ಇಸ್ರೇಲ್ ಸರಕಾರವನ್ನು, ಅದಕ್ಕೆ ಬಾಂಬು ಕೊಡುವವರನ್ನು ಹೆಸರು ಹಿಡಿದು ಟೀಕಿಸಿ. 2023ರ ಅಕ್ಟೋಬರ್ 18ರಂದು ಅಮೆರಿಕದ ಸಂಸತ್ತಿನ ಕಚೇರಿ ಕಟ್ಟಡದಲ್ಲಿ ಕದನವಿರಾಮ ಕೇಳಿ ಕುಳಿತು, ನೂರಾರು ಸಂಖ್ಯೆಯಲ್ಲಿ ಬಂಧನಕ್ಕೊಳಗಾದವರು ಯಹೂದಿಗಳು. ನಮ್ಮ ಹೆಸರಿನಲ್ಲಿ ಇದು ಬೇಡವೆಂದು ಅವರು ಅಂಗಿಯ ಮೇಲೇ ಬರೆದುಕೊಂಡಿದ್ದರು. ನೀವು ಕಳುಹಿಸುವ ವಿಡಿಯೋ ಅವರನ್ನೂ ಸೇರಿಸಿ ಬೈಯುತ್ತದೆ. ನಿಮ್ಮ ಮೊಬೈಲಿನಲ್ಲಿದ್ದರೆ ಇವತ್ತೇ ಅಳಿಸಿ. ಏಕೆ ಅಳಿಸಿದಿರಿ ಎಂಬುದನ್ನೂ ಅದೇ ಗುಂಪಿನಲ್ಲಿ ಎರಡು ಸಾಲು ಬರೆಯಿರಿ.