ಏಕಾದಶಿಯ ತಾಟಿನಲ್ಲಿ ಬ್ರೆಜಿಲ್



ಬ್ರೆಜಿಲ್ಲಿನ ಅಡುಗೆಗೂ ನಮಗೂ ಎತ್ತಣ ಸಂಬಂಧ ಎಂದು ಯಾರಾದರೂ ಕೇಳಿದರೆ ನಾನು ಏಕಾದಶಿಯ ತಾಟು ತೋರಿಸುತ್ತೇನೆ. ಅಂದು ಅಕ್ಕಿ, ಜೋಳ, ಗೋದಿ ಮುಟ್ಟುವುದಿಲ್ಲ. ಸಾಬೂದಾನಿ ಖಿಚಡಿ ಮಾಡುತ್ತೇವೆ. ಸಾಬೂದಾನಿ ಬರುವುದು ಸೇಲಂ ಕಡೆಯಿಂದ, ಮರಗೆಣಸಿನ ಹಿಟ್ಟಿನಿಂದ ತಯಾರಾಗಿ. ಆ ಮರಗೆಣಸಿನ ತವರು ಅಮೆಜಾನ್ ಕಾಡಿನ ದಕ್ಷಿಣದ ಅಂಚು. ಖಿಚಡಿಗೆ ಹಾಕುವ ಶೇಂಗಾ ಬೊಲಿವಿಯಾ, ಅರ್ಜೆಂಟೀನಾ ಸೀಮೆಯದು. ಬಟಾಟಿ ಆಂಡಿಸ್ ಬೆಟ್ಟಗಳದ್ದು, ಹಸಿಮೆಣಸಿನಕಾಯಿ ಮೆಕ್ಸಿಕೊ ಕಡೆಯದು. ಉಪ್ಪು, ತುಪ್ಪ, ಜೀರಿಗೆ ಬಿಟ್ಟರೆ ನಮ್ಮ ಮಡಿಯ ಫಳಾರವೆಲ್ಲ ಏಳು ಸಮುದ್ರ ದಾಟಿ ಬಂದದ್ದು.

ಬಂದ ದಾರಿಯೂ ನಮಗೆ ದೂರದ್ದಲ್ಲ. ಪೋರ್ಚುಗಲ್ಲಿನ ಕಬ್ರಾಲ್ 1500ರ ಏಪ್ರಿಲ್‌ನಲ್ಲಿ ಬ್ರೆಜಿಲ್ ಕರಾವಳಿ ಮುಟ್ಟಿದ. ಅದೇ ಪಯಣ ಮುಂದುವರಿಸಿ ಸೆಪ್ಟೆಂಬರ್‌ನಲ್ಲಿ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಗೋವೆಯಿಂದ ಘಟ್ಟ ಹತ್ತಿದರೆ ನಮ್ಮ ಸೀಮೆಯೇ. ಅದಕ್ಕೂ ಮೊದಲು, 1129ರ ಸುಮಾರಿಗೆ, ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದ ಅಡುಗೆಯಲ್ಲಿ ಖಾರಕ್ಕೆ ಮೆಣಸಿನಕಾಯಿಯಿಲ್ಲ, ಕಾಳುಮೆಣಸಿದೆ. ಇಂದು ರಂಜಕವಿಲ್ಲದ, ಶೇಂಗಾ ಹಿಂಡಿಯಿಲ್ಲದ ರೊಟ್ಟಿ ಊಟವನ್ನು ನಾವು ನೆನೆಸಿಕೊಳ್ಳಲಾರೆವು. ಕೊಟ್ಟದ್ದೂ ಉಂಟು: ನಮ್ಮ ನೆಲದ ಮಾವು, ಹಲಸು ಅದೇ ಹಡಗುಮಾರ್ಗದಲ್ಲಿ ಬ್ರೆಜಿಲ್ ಸೇರಿ ಅಲ್ಲಿನ ಹಿತ್ತಲ ಮರಗಳಾಗಿವೆ.

ಬ್ರೆಜಿಲ್ಲಿನ ಅಡುಗೆ ಎಂಬುದು ಒಂದೇ ಅಲ್ಲ. ಉತ್ತರದ ಪಾರಾ ಪ್ರಾಂತ್ಯದಲ್ಲಿ ಕಾಡಿನ ಮೂಲನಿವಾಸಿಗಳ ಅಡುಗೆ: ಕಹಿ ಮರಗೆಣಸಿನ ವಿಷದ ರಸವನ್ನು ಹಿಂಡಿ, ಬಹಳ ಹೊತ್ತು ಕುದಿಸಿ ವಿಷ ಕಳೆದು ಸಾರು ಮಾಡುತ್ತಾರೆ. ತೆಂಕಣ ಬಯಲುಗಳಲ್ಲಿ ದನಗಾಹಿಗಳ ಕೆಂಡದ ಮೇಲಿನ ಮಾಂಸ. ರಿಯೊದಲ್ಲಿ ಕರಿ ಅವರೆ ಜಾತಿಯ ಕಾಳು, ಹಂದಿಮಾಂಸ ಕೂಡಿಸಿ ಬೇಯಿಸಿದ ಫೆಜೋಆದಾ. ನಮ್ಮಲ್ಲೂ ಹಾಗೆಯೇ. ಮಲೆನಾಡಿನ ಸೆರಗಿನ ಕಿತ್ತೂರಿನಲ್ಲಿ ಅನ್ನದ ತಾಟು ಒಂದು ಬಗೆ, ಎರೆಮಣ್ಣಿನ ಬೈಲಹೊಂಗಲ, ಸವದತ್ತಿಗಳಲ್ಲಿ ಬಿಳಿಜೋಳದ ರೊಟ್ಟಿಯ ತಾಟು ಇನ್ನೊಂದು ಬಗೆ.

ಆಗ್ನೇಯ ಒಳನಾಡಿನ ಮಿನಾಸ್ ಜೆರಾಯಿಸ್ ಪ್ರಾಂತ್ಯದ ಒಂದು ತಿಂಡಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೆಸರು ಪಾಂವ್ ದಿ ಕೇಜು. ಮರಗೆಣಸಿನ ಹಿಟ್ಟು, ತತ್ತಿ, ಚೀಸ್ ಸೇರಿಸಿ ಸುಟ್ಟ ಪುಟ್ಟ ಉಂಡೆ. ಮರಗೆಣಸಿನ ಹಿಟ್ಟಿಗೆ ಗೋದಿಯ ಜಿಗುಟಿಲ್ಲ, ತಣ್ಣೀರು ಹಾಕಿದರೆ ಕೂಡಿಕೊಳ್ಳುವುದಿಲ್ಲ. ಅದಕ್ಕೇ ಅಲ್ಲಿಯ ಹೆಂಗಸರು ಕುದಿಯುವ ಹಾಲು, ಎಣ್ಣೆ ಸುರಿದು ಹಿಟ್ಟನ್ನು ಮೊದಲು ಬೇಯಿಸಿಕೊಳ್ಳುತ್ತಾರೆ. ತಾಯಂದಿರೇ, ಇದು ನಿಮಗೆ ಗೊತ್ತಿಲ್ಲದ್ದೇ? ಜೋಳಕ್ಕೂ ಆ ಜಿಗುಟಿಲ್ಲ. ನೀವು ಹಿಟ್ಟಿನ ನಡುವೆ ಗುಂಡಿ ಮಾಡಿ, ಕುದಿಯುವ ಎಸರು ಹಾಕಿ, ಕೈ ಸುಡುತ್ತಿರುವಾಗಲೇ ನಾದುತ್ತೀರಿ. ಹಿಟ್ಟು ಹಳತಾಗಿದ್ದರೆ ಎಸರು ಇನ್ನಷ್ಟು ಬೇಕೆಂದು ನಿಮ್ಮ ಕೈಗೆ ತಿಳಿಯುತ್ತದೆ. ಒಬ್ಬರನ್ನೊಬ್ಬರು ಕಂಡರಿಯದ ಎರಡು ನಾಡಿನ ಹೆಂಗಸರು ಒಂದೇ ವಿದ್ಯೆ ಕಂಡುಕೊಂಡಿದ್ದಾರೆ. ಶೇಂಗಾದ ವಿಷಯದಲ್ಲೂ ಇದೇ ಮಾತು: ಅಲ್ಲಿ ಜೂನ್ ತಿಂಗಳ ಸಂತ ಜಾನ್ ಹಬ್ಬಕ್ಕೆ ಹುರಿದ ಶೇಂಗಾವನ್ನು ಬೆಲ್ಲದ ಪಾಕಕ್ಕೆ ಹಾಕಿ ಚಿಕ್ಕಿ ಮಾಡುತ್ತಾರೆ, ಇಲ್ಲಿ ಬೆಲ್ಲದೊಡನೆ ಕುಟ್ಟಿ ಹೋಳಿಗೆಗೆ ತುಂಬುತ್ತೇವೆ.

ಇನ್ನು ಬ್ರೆಜಿಲ್ಲಿನ ಬಹಿಯಾ ಪ್ರಾಂತ್ಯ. ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಹೆಂಗಸರು ತಮ್ಮ ದೇವರನ್ನೂ ಅಡುಗೆಯನ್ನೂ ಬಿಡಲಿಲ್ಲ. ಅಲಸಂದಿ ಕಾಳು ನೆನೆಹಾಕಿ, ಸಿಪ್ಪೆ ತಿಕ್ಕಿ ತೆಗೆದು, ಉಳ್ಳಾಗಡ್ಡಿಯೊಡನೆ ರುಬ್ಬಿ, ಕೆಂಪು ತಾಳೆಎಣ್ಣೆಯಲ್ಲಿ ಕರಿದ ವಡೆ ಅಕರಜೆ. ಬಿರುಗಾಳಿಯ ದೇವತೆ ಇಯಾನ್ಸಾಳಿಗೆ ಅದೇ ಎಡೆ. ಸಾಲ್ವಡೋರ್ ಪಟ್ಟಣದ ಬೀದಿಗಳಲ್ಲಿ ಬಿಳಿ ಬಟ್ಟೆಯುಟ್ಟ ಹೆಂಗಸರು ಇಂದಿಗೂ ಅದನ್ನು ಮಾರುತ್ತಾರೆ. ಬ್ರೆಜಿಲ್ ಸರ್ಕಾರ 2005ರಲ್ಲಿ ಆ ಹೆಂಗಸರ ಕಸುಬನ್ನೇ ನಾಡಿನ ಪರಂಪರೆ ಎಂದು ದಾಖಲಿಸಿತು.

ಭರತ ಹುಣ್ಣಿಮೆಗೆ ಸವದತ್ತಿಯ ಗುಡ್ಡದಲ್ಲಿ ಒಲೆ ಹೂಡಿ ಹೋಳಿಗೆ, ಕಡಬು ಮಾಡಿ ಎಲ್ಲಮ್ಮನ ಪರಡಿ (ಎಡೆಯ ಬುಟ್ಟಿ) ತುಂಬಿಸುವ ಹೆಂಗಸರಲ್ಲಿರುವುದೂ ಅಂಥದೇ ವಿದ್ಯೆ. ಖಾನಾವಳಿಗಳಿಗೆ ನಸುಕಿನಲ್ಲೆದ್ದು ರೊಟ್ಟಿ ಬಡಿದುಕೊಡುವವರದೂ ಅದೇ. ಬೀಜ ಎಲ್ಲಿಂದಲಾದರೂ ಬರಲಿ, ಅದನ್ನು ನಮ್ಮದನ್ನಾಗಿ ಮಾಡಿದವರು ಇವರು. ಆದರೆ ಇವರ ತಿಳಿವಳಿಕೆಗೆ ನಾವು ಕೊಡುವ ಬೆಲೆ ರೊಟ್ಟಿಗೆ ಇಷ್ಟು ಎಂಬ ಕೂಲಿ ಮಾತ್ರ.

ನನ್ನ ಕೋರಿಕೆ ಇಷ್ಟೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕುಗಳ ಸಂಘಗಳು ಈ ವರ್ಷವೇ ಕೆಲಸಕ್ಕೆ ಕೈಹಚ್ಚಲಿ. ಯಾವ ಹೊಲದ ಜೋಳ, ಎಷ್ಟು ಎಸರು, ಹಿಂಡಿಗೆ ಶೇಂಗಾ ಯಾವ ಹದಕ್ಕೆ ಹುರಿಯಬೇಕು, ಪರಡಿಗೆ ಏನೇನು ಇಡಬೇಕು ಎಂಬುದನ್ನು ಬಲ್ಲ ಅಜ್ಜಿಯರ ಮುಂದೆ ಕೂತು ಬರೆದುಕೊಳ್ಳಲಿ. ಬರೆದ ಪುಟದ ಮೇಲೆ ಹೇಳಿಕೊಟ್ಟವರ ಹೆಸರೂ ಇರಲಿ. ಮುಂದಿನ ಉಪನ್ಯಾಸ ಮಾಲೆಯಲ್ಲಿ ಈ ವೇದಿಕೆಯ ಮೇಲೆ ನಿಂತು ಮಾತನಾಡಬೇಕಾದವರು ಅವರೇ.