ಹಳೇ ನಕಾಶೆಯೂ ನಿಧಿಯ ಆಸೆಯೂ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಸರ್ವೆ ಇಲಾಖೆಯಲ್ಲಿ ಚೈನು ಹಿಡಿದು ನಿವೃತ್ತನಾದವನು. ಮೊದಲೆಲ್ಲ ಜನ ಬದುವಿನ ಜಗಳ ಹೊತ್ತುಕೊಂಡು ನನ್ನ ಹತ್ತಿರ ಬರುತ್ತಿದ್ದರು. ಈಗ ಹುಡುಗರು ಬರುತ್ತಾರೆ. "ಸಾರ್, ಹಳೇ ನಕಾಶೆ ನೋಡಿದರೆ ನಿಧಿ ಎಲ್ಲಿದೆ ಅಂತ ಗೊತ್ತಾಗುತ್ತಂತಲ್ಲ?" ಎಂದು ಕೇಳುತ್ತಾರೆ. ಮೊಬೈಲಿನಲ್ಲಿ ಇಂಗ್ಲೆಂಡಿನವರ ವಿಡಿಯೋ ನೋಡಿರುತ್ತಾರೆ. ಮೆಟಲ್ ಡಿಟೆಕ್ಟರ್ ತರಿಸಿಕೊಂಡವರೂ ಇದ್ದಾರೆ. ಕೇಳಿದ್ದು ದಡ್ಡ ಪ್ರಶ್ನೆಯಲ್ಲ, ಅದಕ್ಕೇ ಇವತ್ತು ಸಭೆಯಲ್ಲೇ ಉತ್ತರ ಹೇಳುತ್ತೇನೆ.

ನಕಾಶೆ ನಿಧಿಯನ್ನು ತೋರಿಸುವುದಿಲ್ಲ. ಜನ ಎಲ್ಲಿ ಬದುಕಿದ್ದರು ಎಂಬುದನ್ನು ತೋರಿಸುತ್ತದೆ. ನಮ್ಮ ಗ್ರಾಮ ನಕಾಶೆ ಒಂದು ಇಂಚಿಗೆ 660 ಅಡಿ ಲೆಕ್ಕದ್ದು. ಅದರಲ್ಲಿ ಹಳ್ಳ, ಬಂಡಿದಾರಿ, ಕಾಲುದಾರಿ, ಬಾವಿ, ಗುಡಿ, ಗಡಿಕಲ್ಲು ಎಲ್ಲ ಇರುತ್ತವೆ. ನಾನು ಮೊದಲು ನೋಡುವುದು ದಾರಿಗಳನ್ನು. ಮೂರು ನಾಲ್ಕು ಕಾಲುದಾರಿ ಬಂದು ಬರಿಯ ಹೊಲದ ನಡುವೆ ಕೂಡಿದ್ದರೆ, ಯಾರೂ ಸುಮ್ಮನೆ ಹೊಲಕ್ಕೆ ನಾಲ್ಕು ದಿಕ್ಕಿನಿಂದ ನಡೆದು ಬರುವುದಿಲ್ಲವಲ್ಲ! ಪಕ್ಕದಲ್ಲಿ ಒಂಟಿ ಹನುಮಪ್ಪನ ಗುಡಿಯೋ ಹಾಳುಬಾವಿಯೋ ಇದ್ದರೆ ಅಲ್ಲಿ ಊರಿತ್ತು ಎನ್ನಲು ಧೈರ್ಯ ಬರುತ್ತದೆ. ಆಮೇಲೆ ಹೊಲದ ಹೆಸರು ಕೇಳಬೇಕು. ಹಾಳೂರು, ಹಳೇ ಊರ ದಿಬ್ಬ, ಕುಂಬಾರ ಗುಂಡಿ, ಇವು ನಕಾಶೆಯಲ್ಲಿ ಇರುವುದೇ ಇಲ್ಲ, ಅಜ್ಜಿಯರ ಬಾಯಲ್ಲಿ ಇರುತ್ತವೆ.

ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಎಂಬ ಮಾತಿದೆ. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು ಬೇಚರಾಕ್. ಗುಮಾಸ್ತರ ಕಡತದಲ್ಲಿ ಇಷ್ಟು ಒಳ್ಳೆಯ ಪದ ನಾನು ಬೇರೆ ಕಂಡಿಲ್ಲ. ಯಾಕೆ ಬರಿದಾದವು? ಒಂದೊಂದಕ್ಕೆ ಒಂದೊಂದು ಕಾರಣ. ಬರ, ಪ್ಲೇಗು, ಕೆರೆ ಒಡೆದದ್ದು, ದಂಡು ಹಾದುಹೋದದ್ದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿತ್ತು. ನಡುವೆ ಬಂದದ್ದು 1876ರಿಂದ 78ರ ಬರಗಾಲ. ಹಾಗೆ ಎದ್ದುಹೋದವರು ಕೊಪ್ಪರಿಗೆ ಹೂತಿಟ್ಟು ಹೋದರು ಎಂದು ನಂಬುವವರಿದ್ದಾರೆ. ಹಸಿದವರ ಹತ್ತಿರ ಹೂಳುವುದಕ್ಕೆ ಏನಿತ್ತು ಸ್ವಾಮಿ?

ಇಂಗ್ಲೆಂಡಿನ ವಿಡಿಯೋದ ವಿಷಯಕ್ಕೆ ಬರೋಣ. ಅಲ್ಲಿ ಇದು ಹವ್ಯಾಸ. ಅಲ್ಲಿನ ಆರ್ಡ್‌ನನ್ಸ್ ಸರ್ವೆ 1801ರಲ್ಲಿ ತನ್ನ ಮೊದಲ ನಕಾಶೆ ಪ್ರಕಟಿಸಿತು. ಅದರ ಹಳೆಯ ಹಾಳೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲದಲ್ಲಿ ಪುಕ್ಕಟೆ ತೆರೆದಿಟ್ಟಿದೆ. ಜಾತ್ರೆಯ ಬಯಲು, ದೋಣಿ ದಾಟುತ್ತಿದ್ದ ಜಾಗ, ಈಗ ಅಳಿಸಿಹೋದ ದಾರಿ, ಇವನ್ನು ಹುಡುಕಿಕೊಂಡು ಹೋಗುತ್ತಾರೆ. ಜನ ಓಡಾಡಿದಲ್ಲಿ ಕಾಸು ಬಿದ್ದಿರುತ್ತದೆ. ಆದರೆ ಜಮೀನಿನವರ ಒಪ್ಪಿಗೆ ಬೇಕು, ನಿಧಿ ಸಿಕ್ಕರೆ 1996ರ ಕಾಯ್ದೆಯಂತೆ ವರದಿ ಮಾಡಬೇಕು. ವಿಡಿಯೋದಲ್ಲಿ ಈ ಭಾಗವನ್ನು ನಮ್ಮ ಹುಡುಗರು ಓಡಿಸಿಬಿಡುತ್ತಾರೆ.

1992ರಲ್ಲಿ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬಾತ ರೈತನೊಬ್ಬ ಕಳೆದುಕೊಂಡ ಸುತ್ತಿಗೆಯನ್ನು ಈ ಯಂತ್ರ ಹಿಡಿದು ಹುಡುಕುತ್ತಿದ್ದ. ರೋಮನ್ ಕಾಲದ ಚಿನ್ನ ಬೆಳ್ಳಿ ಸಿಕ್ಕಿತು. ಒಂದಿಷ್ಟು ತೆಗೆದವನು ಅಲ್ಲಿಗೇ ನಿಲ್ಲಿಸಿ ಸುದ್ದಿ ಮುಟ್ಟಿಸಿದ. ಪುರಾತತ್ವದವರು ಬಂದು ಅಗೆದಾಗ ಯಾವುದು ಯಾವುದರ ಮೇಲಿತ್ತು, ಪೆಟ್ಟಿಗೆ ಹೇಗಿತ್ತು ಎಂಬುದೂ ತಿಳಿಯಿತು. 14 ಸಾವಿರಕ್ಕೂ ಹೆಚ್ಚು ನಾಣ್ಯ. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯದ್ದೂ ಇದೇ ಪಾಠ. 1947ರಲ್ಲಿ ವೀಲರ್ ಅಗೆಸಿದಾಗ ಯಾವ ಪದರದಲ್ಲಿ ಏನು ಸಿಕ್ಕಿತು ಎಂದು ಬರೆದಿಟ್ಟರು. ಅದರಿಂದ ಜೊತೆಗಿದ್ದ ಮಡಕೆ ಚೂರಿಗೂ ಕಾಲ ಹೇಳಲು ಬಂತು. ಅದೇ ನಾಣ್ಯವನ್ನು ಕಿತ್ತು ಜೇಬಿಗಿಟ್ಟರೆ ಅಕ್ಕಸಾಲಿಗನ ತಕ್ಕಡಿಯಲ್ಲಿ ಇಷ್ಟು ಗ್ರಾಂ, ಅಷ್ಟೆ.

ನಿಧಿಯ ಬಗ್ಗೆ ನಮ್ಮ ರಾಜ್ಯದ ಕಾಯ್ದೆ 1962ರದು. ಪಹಣಿ ನಿಮ್ಮ ಹೆಸರಿನಲ್ಲೇ ಇರಲಿ, ಸಿಕ್ಕಿದ್ದನ್ನು ಮುಚ್ಚಿಟ್ಟುಕೊಳ್ಳುವಂತಿಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದೇ ಅಪರಾಧ.

ನಮ್ಮೂರಿಗೂ ಒಂದು ಹಾಳೂರಿದೆ. ಸರ್ವೆ ನಂಬರ್ ಇಲ್ಲಿ ಹೇಳುವುದಿಲ್ಲ, ನಾಳೆಯೇ ಹಾರೆ ಹಿಡಿದು ಹೊರಡುವವರು ಈ ಸಭೆಯಲ್ಲೂ ಇದ್ದಾರು. ಅಲ್ಲಿನ ಬೂದಿ ಮಣ್ಣು ಗೊಬ್ಬರಕ್ಕೆ ಒಳ್ಳೆಯದೆಂದು ನಮ್ಮಪ್ಪನ ಕಾಲದಲ್ಲಿ ಗಾಡಿಯಲ್ಲಿ ಹೇರಿದರು, ಈಗ ಜೆಸಿಬಿ ಬಂದಿದೆ. ಹೋದ ವರ್ಷ ರಾತ್ರೋರಾತ್ರಿ ಯಾರೋ ಬಸವಣ್ಣನನ್ನು ಉರುಳಿಸಿ ಆಳುದ್ದ ಗುಂಡಿ ತೋಡಿದರು. ಒಳಗೆ ಮಡಕೆ ಚೂರು, ಮೂಳೆ, ಬೂದಿ. ಅವರಿಗೆ ಅದು ಏನೂ ಅಲ್ಲ. ದಿಬ್ಬ ಈಗ ಅರ್ಧ ಉಳಿದಿದೆ. ಇನ್ನು ಹತ್ತು ವರ್ಷಕ್ಕೆ ನಕಾಶೆಯಲ್ಲಿ ಕೂಡುವ ಆ ದಾರಿಗಳು ಬಿಟ್ಟರೆ ಬೇರೆ ಗುರುತು ಇರುವುದಿಲ್ಲ.

ಗುರುಗಳಲ್ಲಿ ಒಂದು ಕೋರಿಕೆ. ಒಂಬತ್ತನೇ ತರಗತಿಯ ಮಕ್ಕಳು ಒಂದು ಶನಿವಾರ ನನ್ನ ಜೊತೆ ಬರಲಿ. ಯಂತ್ರ ಬೇಡ, ಸಲಿಕೆ ಬೇಡ. ಟೇಪು, ನೋಟ್‌ಬುಕ್ಕು, ದಿಶಾಂಕ್ ಆ್ಯಪ್ ಇರುವ ಒಂದು ಮೊಬೈಲು ಸಾಕು. ಬಾವಿ ಎಲ್ಲಿ, ಗುಡಿ ಎಲ್ಲಿ, ಬಸವಣ್ಣ ಮೊದಲು ಎಲ್ಲಿ ಕೂತಿದ್ದ, ಅಳೆದು ಬರೆಯೋಣ. ಆ ಹೊಲದವರು ಒಪ್ಪಿದ್ದಾರೆ. ಗ್ರಾಮ ನಕಾಶೆಯ ಎರಡು ಪ್ರತಿ ತಂದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿಟ್ಟಿದ್ದೇನೆ. ದಿನ ಗೊತ್ತುಮಾಡಿ ಹೇಳಿಕಳಿಸಿದರೆ ನಾನು ಬೆಳಿಗ್ಗೆ ಏಳಕ್ಕೇ ಬಂದಿರುತ್ತೇನೆ.