ಅಜ್ಜಿ ಕೇಳಿದ ಪ್ರಶ್ನೆ

ಚಿಕ್ಕಜಾಲದ ನಮ್ಮ ಹಳೆಯ ಮನೆಯಲ್ಲಿ ಸುದ್ದಿಯೆಂದರೆ ರೇಡಿಯೋ. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ‘ಆರ್ಯಭಟ’ ಮೇಲೇರಿದ ವಾರ್ತೆಯನ್ನು ಬಾಲಕನಾದ ನಾನು ಕೇಳಿದ್ದು ಅದರಲ್ಲಿಯೇ. ಆ ಉಪಗ್ರಹವನ್ನು ಕಟ್ಟಿದ್ದು ನಮ್ಮ ಪೀಣ್ಯದ ಶೆಡ್ಡುಗಳಲ್ಲಿ ಎಂದು ತಿಳಿದು ಹಿಗ್ಗಿದೆ. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಅದರ ಪ್ರಯೋಗಗಳು ನಿಂತವೆಂದು ಕೇಳಿ ಕುಗ್ಗಿದೆ. ಸೊಪ್ಪು ಸೋಸುತ್ತಿದ್ದ ಅಜ್ಜಿ ತಲೆಯೆತ್ತದೆ ಕೇಳಿದರು: “ಕಟ್ಟಿದೋರ ಕೈ ನಿಂತೋಯ್ತೇನಪ್ಪಾ?”

2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯುತ್ತಲೇ ಮೌನವಾದ ರಾತ್ರಿ, ಮೊಬೈಲನ್ನು ಬದಿಗಿಟ್ಟು ಕಣ್ಣೊರೆಸಿಕೊಂಡ ಮೊಮ್ಮಗನಿಗೆ ನಾನು ಅದೇ ಪ್ರಶ್ನೆ ಹಾಕಿದೆ. ಆತ ಉತ್ತರಿಸಲಿಲ್ಲ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲಿಳಿದಾಗ ಓಡಿಬಂದು, “ನಿಂತಿರಲಿಲ್ಲ ತಾತ” ಎಂದ.

ಯಂತ್ರದ ಸುದ್ದಿಯನ್ನು ಮನುಷ್ಯರ ಸುದ್ದಿಯಾಗಿ ಕೇಳಲು ನನಗೆ ಕಲಿಸಿದವರು ಅಕ್ಷರ ಬಾರದ ಆ ಅಜ್ಜಿ.